ಹೆಬ್ಬುಲಿ ಕಟಿಂಗ್ ಮತ್ತು ನಮ್ಮ ಹುಡುಗರ ತಲೆ

2023ರ ಜುಲೈ ತಿಂಗಳಲ್ಲಿ ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ತಾಲ್ಲೂಕಿನ ಕುಲಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಒಂದು ಪತ್ರ ಬರೆದರು. ಪತ್ರ ಹೋದದ್ದು ಇಲಾಖೆಗಲ್ಲ, ಪಾಲಕರಿಗೂ ಅಲ್ಲ. ಊರಿನ ಕಟಿಂಗ್ ಶಾಪಿನವರಿಗೆ. ನಮ್ಮ ಶಾಲೆಯ ಹುಡುಗರಿಗೆ ಹೆಬ್ಬುಲಿ ಕಟಿಂಗ್ ಮಾಡಬೇಡಿ, ಇದರಿಂದ ಮಕ್ಕಳು ಓದಿನಲ್ಲಿ ಹಿಂದೆ ಬೀಳುತ್ತಿದ್ದಾರೆ ಎಂಬುದು ಅದರ ಸಾರಾಂಶ. ಪತ್ರಿಕೆಗಳಲ್ಲಿ, ಮೊಬೈಲುಗಳಲ್ಲಿ ಆ ಪತ್ರ ಊರೂರು ತಿರುಗಿತು. ಕೆಲವರು ಮೇಷ್ಟ್ರನ್ನು ಹೊಗಳಿದರು, ಕೆಲವರು ನಕ್ಕರು. ಒಂದು ವಾರದಲ್ಲಿ ಎಲ್ಲರೂ ಮರೆತರು.

ನನಗೆ ಅದನ್ನು ಮರೆಯಲು ಆಗಿಲ್ಲ. ತಲೆ ಹುಡುಗನದು, ಕೂದಲು ಹುಡುಗನದು, ದೂರು ಮೇಷ್ಟ್ರದು, ಆದೇಶ ಮಾತ್ರ ಕ್ಷೌರಿಕನಿಗೆ. ಈ ಇಡೀ ವ್ಯವಹಾರದಲ್ಲಿ ಯಾರೂ ಮಾತಾಡಿಸದೆ ಬಿಟ್ಟವನೆಂದರೆ ಆ ಹುಡುಗನೊಬ್ಬನೇ.

ಹೆಬ್ಬುಲಿ ಕಟಿಂಗ್ ಎಂದರೇನೆಂದು ತಿಳಿಯದ ಹಿರಿಯ ಓದುಗರಿಗಾಗಿ ಒಂದು ಮಾತು. 2017ರಲ್ಲಿ ಸುದೀಪ್ ನಟಿಸಿದ 'ಹೆಬ್ಬುಲಿ' ಚಿತ್ರ ಬಂತು. ಕಿವಿಯ ಮೇಲಿನ ಎರಡೂ ಬದಿ ಬೋಳು ಎನ್ನುವಷ್ಟು ಸಣ್ಣಗೆ, ನೆತ್ತಿಯ ಮೇಲೆ ಮಾತ್ರ ಹುಲುಸಾಗಿ ಕೂದಲು ಬಿಡುವುದು ಅದರ ನಾಯಕನ ಶೈಲಿ. ಚಿತ್ರಮಂದಿರದಿಂದ ಸಿನಿಮಾ ಹೋಗಿ ವರ್ಷಗಳಾದರೂ ಕಟಿಂಗ್ ಉಳಿಯಿತು. ತಮಾಷೆಯೆಂದರೆ ಆ ಸಿನಿಮಾದ ನಾಯಕ ಸೈನ್ಯದ ಪ್ಯಾರಾ ಕಮಾಂಡೊ. ನಮ್ಮ ಶಾಲೆಗಳು ಎಷ್ಟೋ ಕಾಲದಿಂದ ಹುಡುಗರಿಗೆ ಹೇಳುತ್ತ ಬಂದಿರುವುದು ಮಿಲಿಟರಿ ಕಟಿಂಗ್ ಮಾಡಿಸಿಕೊಂಡು ಬನ್ನಿ ಎಂದೇ. ಹುಡುಗರು ಸೈನಿಕನನ್ನೇ ನೋಡಿ ಮಾಡಿಸಿಕೊಂಡು ಬಂದರು. ಆ ಸೈನಿಕ ಮೇಷ್ಟ್ರ ಮನಸ್ಸಿನಲ್ಲಿದ್ದ ಸೈನಿಕನಲ್ಲ, ಅಷ್ಟೆ.

ಆ ಮುಖ್ಯೋಪಾಧ್ಯಾಯರನ್ನು ಹಾಸ್ಯ ಮಾಡಲು ನಾನು ಕೂತಿಲ್ಲ. ರಬಕವಿ, ಬನಹಟ್ಟಿ ನೇಕಾರರ ಊರುಗಳು. ಸುತ್ತಿನ ಹಳ್ಳಿಗಳಿಂದ ಸರ್ಕಾರಿ ಶಾಲೆಗೆ ಬರುವವರು ಮಗ್ಗದ ಮನೆಯ, ಕೂಲಿ ಮಾಡುವವರ ಮಕ್ಕಳು. ಹತ್ತನೆಯ ತರಗತಿಯ ಫಲಿತಾಂಶ ಕಡಿಮೆಯಾದರೆ ಜಿಲ್ಲಾ ಕೇಂದ್ರದಿಂದ ನೋಟಿಸು ಬರುವುದು ಮೇಷ್ಟ್ರಿಗೆ, ಸುದೀಪರಿಗಲ್ಲ. ಹುಡುಗರು ಕೈ ತಪ್ಪಿ ಹೋಗುತ್ತಿದ್ದಾರೆ ಎಂಬ ಅವರ ಆತಂಕ ನಿಜವಾದದ್ದೇ. ಆದರೆ ಕೈ ತಪ್ಪುತ್ತಿರುವುದಕ್ಕೆ ಕಾರಣಗಳನ್ನು ಹುಡುಕುತ್ತ ಹೊರಟರೆ ಮನೆಯ ಸಾಲ, ಓದಲು ಜಾಗವಿಲ್ಲದ ಮನೆ, ತುಂಬದೆ ಉಳಿದ ಶಿಕ್ಷಕರ ಹುದ್ದೆ, ಹೀಗೆ ಒಂದೊಂದೇ ಎದುರಾಗುತ್ತವೆ. ಅವುಗಳಲ್ಲಿ ಯಾವುದನ್ನೂ ಒಬ್ಬ ಮೇಷ್ಟ್ರು ಒಂದು ಪತ್ರದಿಂದ ಸರಿಪಡಿಸಲಾರರು. ಕೂದಲನ್ನು ಮಾತ್ರ ಸರಿಪಡಿಸಬಹುದು. ಹಾಗಾಗಿ ಎಲ್ಲ ಸಿಟ್ಟೂ ಕೂದಲಿನ ಮೇಲೆ ಬಂದು ನಿಲ್ಲುತ್ತದೆ.

ಬಡ ಹುಡುಗನ ಕಡೆಯಿಂದ ಇದನ್ನೇ ನೋಡೋಣ. ಅವನು ತೊಟ್ಟ ಸಮವಸ್ತ್ರ ಸರ್ಕಾರದ್ದು, ಬೂಟು ಸರ್ಕಾರದ್ದು, ಮಧ್ಯಾಹ್ನದ ಊಟ, ಪಠ್ಯಪುಸ್ತಕ ಸರ್ಕಾರದ್ದು. ಮನೆಗೆ ಬಂದರೆ ಅಂಗಿ ಅಣ್ಣನದು. ಅವನ ಆಯ್ಕೆಯದು, ಅವನೇ ಇಷ್ಟಪಟ್ಟು ತಂದದ್ದು ಎಂದು ಹೇಳಿಕೊಳ್ಳಲು ಮೈಮೇಲೆ ಏನಿದೆ? ಒಳ್ಳೆಯ ಶೂ ಕೊಳ್ಳಲು ಸಾವಿರಾರು ರೂಪಾಯಿ ಬೇಕು. ಕಟಿಂಗಿಗೆ ನೂರರ ಒಂದು ನೋಟು ಸಾಕು. ಇಂಗ್ಲಿಷ್ ಮೀಡಿಯಂ ಹುಡುಗ ತನ್ನ ಷೋಕಿಯನ್ನು ವಾಚಿನಲ್ಲಿ, ಬ್ಯಾಗಿನಲ್ಲಿ, ಹುಟ್ಟುಹಬ್ಬದ ಕೇಕಿನಲ್ಲಿ ತೀರಿಸಿಕೊಳ್ಳುತ್ತಾನೆ. ಇವನಿಗೆ ಇರುವುದು ತಲೆಯೊಂದೇ.

ಆ ನೂರು ರೂಪಾಯಿ ಇದ್ದರೂ ಸಾಲದು ಎಂಬುದನ್ನು ನೆನಪಿಸಿದ್ದು 2025ರ ಜುಲೈಯಲ್ಲಿ ತೆರೆಗೆ ಬಂದ 'ಹೆಬ್ಬುಲಿ ಕಟ್'. ಭೀಮರಾವ್ ಪಿ. ನಿರ್ದೇಶಿಸಿದ ಈ ಚಿತ್ರದಲ್ಲಿ ಕೆಳಜಾತಿಯ ಒಬ್ಬ ಹುಡುಗನಿಗೆ ಇದೇ ಕಟಿಂಗ್ ಮಾಡಿಸಿಕೊಳ್ಳುವ ಆಸೆ. ಅಡ್ಡ ಬರುವುದು ಮೇಷ್ಟ್ರಲ್ಲ, ಜಾತಿ. ಕಥೆಯ ಉಳಿದದ್ದನ್ನು ಇಲ್ಲಿ ಹೇಳಿಬಿಟ್ಟರೆ ನೋಡದವರಿಗೆ ಅನ್ಯಾಯವಾದೀತು. ನನಗೆ ಮೆಚ್ಚುಗೆಯಾದದ್ದು ಇಷ್ಟು: ಹದಿಹರೆಯದ ಹುಡುಗನ ಒಂದು ಷೋಕಿಯನ್ನು ಈ ಸಿನಿಮಾ ನಗೆಪಾಟಲು ಮಾಡಲಿಲ್ಲ. ಇಡೀ ಚಿತ್ರದ ಭಾರ ಹೊರಬಲ್ಲಷ್ಟು ದೊಡ್ಡ ವಿಷಯ ಅದು ಎಂದು ನಂಬಿತು. ನಮ್ಮ ಸಾಹಿತ್ಯದಲ್ಲಿ ಬಡ ಹುಡುಗನಿಗೆ ಹಸಿವಾಗುತ್ತದೆ, ಅವಮಾನವಾಗುತ್ತದೆ, ಅಪ್ಪ ಸಾಯುತ್ತಾನೆ. ಕನ್ನಡಿ ನೋಡಿಕೊಳ್ಳಬೇಕೆಂದು ಅವನಿಗೆ ಅನ್ನಿಸುವುದು ಬಹಳ ಕಡಿಮೆ. ಈ ಆರೋಪ ಕಥೆಗಾರನಾದ ನನ್ನ ಪಂಗಡದ ಮೇಲೆಯೇ ಬರುತ್ತದೆ, ಬರಲಿ.

ಸಿನಿಮಾ ಹೇಳುವುದು ಕಟ್ಟುಕತೆಯಲ್ಲ. ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ ದಲಿತರಿಗೆ ಕ್ಷೌರ ಮಾಡಿದ್ದಕ್ಕಾಗಿ ಕ್ಷೌರಿಕನ ಕುಟುಂಬಕ್ಕೇ ದಂಡ, ಬಹಿಷ್ಕಾರ ಹಾಕಿದ ಸುದ್ದಿ 2020ರಲ್ಲಿ ಬಂತು. 2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆಯ ಸಂಗನಾಳದಲ್ಲಿ ಕ್ಷೌರದ ಅಂಗಡಿಯಲ್ಲಿ ಎದ್ದ ಜಗಳದಲ್ಲಿ ದಲಿತ ಯುವಕನೊಬ್ಬ ಇರಿತಕ್ಕೆ ಬಲಿಯಾದ. ಅಂದಮೇಲೆ, ಹುಡುಗರಿಗೆ ಕೂದಲಿನ ಆಯ್ಕೆ ಬಿಡಬೇಕೋ ಬೇಡವೋ ಎಂದು ಚರ್ಚಿಸುವ ಮೊದಲು ಆ ಕುರ್ಚಿಯಲ್ಲಿ ಕೂರಲು ಯಾರಿಗೆ ಬಿಡುತ್ತಾರೆ ಎಂಬುದನ್ನು ಕೇಳಬೇಕಾಗುತ್ತದೆ. ಕುಲಹಳ್ಳಿಯ ಪತ್ರದಲ್ಲಿ ಕ್ಷೌರಿಕ ಶಿಸ್ತಿನ ಕಾವಲುಗಾರ. ಹಲ್ಲರೆಯಲ್ಲಿ ಅವನನ್ನು ಜಾತಿಯ ಕಾವಲುಗಾರನಾಗು ಎಂದರು, ಆಗಲಿಲ್ಲ, ದಂಡ ಹಾಕಿದರು. ಎರಡು ಕಡೆಯೂ ಅವನ ಕತ್ತರಿ ಊರಿನ ಯಜಮಾನರ ಆಸ್ತಿ.

ಇಲ್ಲಿಗೆ ಬಂದಾಗ ನಮ್ಮವರಿಗೆ ಸ್ವಲ್ಪ ನೆಮ್ಮದಿಯಾಗುತ್ತದೆ. ಇದೆಲ್ಲ ಅವರ ಕಡೆಯ ರೋಗ, ನಮ್ಮಲ್ಲಿ ಜಾತಿ ಎಲ್ಲಿದೆ ಭಾಯ್ ಎಂಬ ನೆಮ್ಮದಿ. ಕನ್ನಡದಲ್ಲಿ ಬೈಗುಳವಾಗಿ ಬಳಕೆಯಾಗುವ, ಸವಿತಾ ಸಮಾಜದವರು ಬೇಡವೆಂದು ಹೇಳುತ್ತ ಬಂದಿರುವ 'ಹಜಾಮ' ಎಂಬ ಪದ ಎಲ್ಲಿಂದ ಬಂತು? ಅರಬ್ಬಿಯ ಹಜ್ಜಾಮ್‌ನಿಂದ. ಹಿಜಾಮ, ಅಂದರೆ ಕೊಂಬು ಹಚ್ಚಿ ಕೆಟ್ಟ ರಕ್ತ ತೆಗೆಯುವ ಚಿಕಿತ್ಸೆ ಮಾಡುವವನು ಹಜ್ಜಾಮ್. ಅಬೂ ತೈಬಾ ಎಂಬ ಗುಲಾಮ ಪ್ರವಾದಿ (ಸ) ಅವರಿಗೆ ಆ ಚಿಕಿತ್ಸೆ ಮಾಡಿದಾಗ ಅವರು ಅವನಿಗೆ ಖರ್ಜೂರದ ಕೂಲಿ ಕೊಡಿಸಿದರು, ಅವನ ಯಜಮಾನರಿಗೆ ಹೇಳಿ ಅವನಿಂದ ವಸೂಲು ಮಾಡುತ್ತಿದ್ದ ಪಾಲನ್ನು ಕಡಿಮೆ ಮಾಡಿಸಿದರು ಎಂದು ಬುಖಾರಿಯಲ್ಲಿದೆ. ಆ ವೃತ್ತಿಯ ಹೆಸರನ್ನು ನಾವು ದಖ್ಖನಿಗೆ ತಂದು ಬೈಗುಳ ಮಾಡಿದೆವು. ಕರಾವಳಿಯಲ್ಲಿ ಒಸ್ಸಾನ್ ಎಂದು ಕರೆದು ಬೇರೆಯೇ ಸಾಲಿನಲ್ಲಿ ಕೂರಿಸಿದೆವು. ನಮಾಜಿನ ಸಫ್ಫಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವವರು ಹೆಣ್ಣು ಕೊಡುವ ಮಾತು ಬಂದಾಗ ಮನೆತನ ಕೇಳುತ್ತಾರೆ. ಶಾದಿಮಹಲಿನಲ್ಲಿ ಎಲ್ಲರೂ ಒಂದೇ ದಸ್ತರ್‌ಖಾನಿನಲ್ಲಿ ಉಣ್ಣುತ್ತೇವೆ ನಿಜ. ಆ ಶಾದಿ ಯಾರ ಮಗನಿಗೆ ಯಾರ ಮಗಳೊಂದಿಗೆ ಆಯಿತು ಎಂಬುದನ್ನೂ ಲೆಕ್ಕ ಹಾಕಬೇಕು.

ಈಗ ಹುಡುಗರ ಕೂದಲಿಗೆ ಮರಳೋಣ. ಶಾಲೆಯ ಮೇಷ್ಟ್ರು ಹೇಳಿದ್ದನ್ನೇ ನಮ್ಮ ಮಸೀದಿಗಳ ಮಿಂಬರಿನಿಂದಲೂ ಕೇಳುತ್ತಿದ್ದೇವೆ. ಬದಿ ಬೋಳಿಸಿ ನೆತ್ತಿ ಬಿಡುವುದು 'ಕಝಅ', ಅದನ್ನು ಪ್ರವಾದಿ (ಸ) ನಿಷೇಧಿಸಿದ್ದಾರೆ ಎಂದು ಜುಮಾ ಬಯಾನಿನಲ್ಲಿ ಹೇಳುತ್ತಾರೆ. ಹೌದು, ಇಬ್ನೆ ಉಮರ್ (ರ) ಅವರಿಂದ ಬಂದ ಆ ಹದೀಸು ಬುಖಾರಿಯಲ್ಲೂ ಮುಸ್ಲಿಮಿನಲ್ಲೂ ಇದೆ. ಹುಡುಗರ ತಲೆಯ ಸ್ವಲ್ಪ ಭಾಗ ಬೋಳಿಸಿ ಸ್ವಲ್ಪ ಭಾಗ ಬಿಡುವುದರ ಬಗ್ಗೆಯೇ ಅದು ಇರುವುದು. ಕಝಅ ಎಂದರೆ ಚೂರು ಚೂರಾಗಿ ತೇಲುವ ಮೋಡ. ಅಬೂದಾವೂದ್‌ನಲ್ಲಿ ಅದರ ಇನ್ನೊಂದು ರೂಪವಿದೆ: ಹಾಗೆ ಅರ್ಧ ಬೋಳಿಸಿದ ಒಬ್ಬ ಹುಡುಗನನ್ನು ಕಂಡು, ಪೂರ್ತಿ ಬೋಳಿಸಿ ಇಲ್ಲವೇ ಪೂರ್ತಿ ಬಿಡಿ ಎಂದರಂತೆ.

ನಾನು ಮುಫ್ತಿಯಲ್ಲ. ಕತ್ತರಿಯಲ್ಲಿ ಸಣ್ಣಗೆ ಮಾಡುವುದೂ ಕತ್ತಿಯಲ್ಲಿ ಬೋಳಿಸುವುದೂ ಒಂದೇ ಹೌದೋ ಅಲ್ಲವೋ ಎಂಬ ಫಿಕ್ಹ್‌ನ ತಕರಾರನ್ನು ತಿಳಿದವರಿಗೇ ಬಿಡುತ್ತೇನೆ. ಉರ್ದು ಕಲಿತ, ಕನ್ನಡದಲ್ಲಿ ಕಥೆ ಬರೆಯುವ ಓದುಗನಾಗಿ ನನಗೆ ಕಾಣುವುದು ಬೇರೆ. ಆ ಮಾತಿನಲ್ಲಿ ಎರಡು ದಾರಿಗಳಿವೆ. ನಮ್ಮ ಬಯಾನುಗಳಲ್ಲಿ ಮೊದಲನೆಯದು ಮಾತ್ರ ಕೇಳಿಸುತ್ತದೆ, ಎರಡನೆಯದು ಎಲ್ಲೋ ಬಿದ್ದುಹೋಗುತ್ತದೆ. ಪೂರ್ತಿ ಬಿಡಿ! ಹನ್ನೆರಡು ವರ್ಷದ ಹುಡುಗನೊಬ್ಬ ಈ ಎರಡನೆಯ ದಾರಿ ಹಿಡಿದು ಕೂದಲನ್ನು ಹೆಗಲಿಗೆ ಇಳಿಬಿಟ್ಟುಕೊಂಡು ಮದ್ರಸಾಕ್ಕೆ ಬಂದರೆ ಉಸ್ತಾದರು ಏನು ಮಾಡುತ್ತಾರೆ ಎಂಬುದು ನಮಗೆಲ್ಲ ಗೊತ್ತು. ಹೆಣ್ಣಿನ ಹಾಗೆ ಬಿಟ್ಟಿದ್ದೀಯಲ್ಲೋ ಎಂಬ ಮಾತು ಮೊದಲು ಬರುತ್ತದೆ. ಆದರೆ ಪ್ರವಾದಿ (ಸ) ಅವರ ಕೂದಲು ಕಿವಿಯ ಹಾಲೆಯ ತನಕ, ಕೆಲವೊಮ್ಮೆ ಹೆಗಲ ತನಕ ಇರುತ್ತಿತ್ತು ಎಂದು ಕಂಡವರು ಹೇಳಿದ ವರದಿಗಳು ಅದೇ ಕಿತಾಬುಗಳಲ್ಲಿವೆ. ಕೂದಲಿದ್ದವನು ಅದನ್ನು ಗೌರವದಿಂದ ನೋಡಿಕೊಳ್ಳಲಿ ಎಂಬ ಮಾತೂ ಅಬೂದಾವೂದ್‌ನಲ್ಲಿ ಉಂಟು. ಗಡ್ಡದ ಉದ್ದದಲ್ಲಿ ಸುನ್ನತ್ತನ್ನು ಬೆರಳಲ್ಲಿ ಅಳೆಯುವವರು ತಲೆಯ ಕೂದಲಿಗೆ ಬಂದಾಗ ಪೊಲೀಸ್ ಇಲಾಖೆಯ ಅಳತೆಗೋಲು ಹಿಡಿಯುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ನಿಜ ಹೇಳಬೇಕೆಂದರೆ ಹುಡುಗನ ತಲೆ ನಮ್ಮ ನಾಡಿನಲ್ಲಿ ಯಾವತ್ತೂ ಹುಡುಗನದಾಗಿರಲಿಲ್ಲ. ಹುಟ್ಟಿದ ಏಳನೆಯ ದಿನ ಅಕೀಕಾದಲ್ಲಿ ಬೋಳಿಸಿ ಕೂದಲಿನ ತೂಕದ ಬೆಳ್ಳಿಯನ್ನು ಸದಕಾ ಮಾಡುತ್ತೇವೆ. ನೆರೆಮನೆಯಲ್ಲಿ ಜವಳ ತೆಗೆಸಲು ಮನೆದೇವರ ಗುಡಿಗೆ ಹೋಗುತ್ತಾರೆ. 1832ರಲ್ಲಿ ಇಂಗ್ಲಿಷಿನಲ್ಲಿ ಬಂದ ಜಾಫರ್ ಶರೀಫರ 'ಕಾನೂನೆ ಇಸ್ಲಾಂ' ಎಂಬ ಪುಸ್ತಕ ದಖ್ಖನಿನ ಮುಸಲ್ಮಾನರ ಅಂದಿನ ಆಚರಣೆಗಳ ಕಣಜ. ಮಕ್ಕಳಾಗಲೆಂದು ಪೀರರಿಗೆ ಹರಕೆ ಹೊತ್ತು, ಹುಟ್ಟಿದ ಮಗುವಿನ ಕೂದಲನ್ನು ಅವರ ಹೆಸರಿನಲ್ಲಿ ವರ್ಷಗಟ್ಟಲೆ ಬೆಳೆಸಿ ಆಮೇಲೆ ತೆಗೆಸುತ್ತಿದ್ದ ವಿವರ ಅದರಲ್ಲಿದೆ. ಪೀರರ ಹೆಸರಿನ ಚೋಟಿ ಬಿಟ್ಟ ಹುಡುಗರು ಇಂದಿಗೂ ಉರೂಸುಗಳಲ್ಲಿ ಕಾಣಸಿಗುತ್ತಾರೆ. ಅಮ್ಮೀಜಾನ್ ಹರಕೆ ಹೊತ್ತರೆ ಬೆಳೆಯಿತು, ಹರಕೆ ತೀರಿದ ದಿನ ಹೋಯಿತು. ಆ ತಾಯಂದಿರ ಪ್ರೀತಿಯನ್ನು ನಾನು ಹಳಿಯುವುದಿಲ್ಲ. ಕೂಸಿಗೆ ಇಷ್ಟವನ್ನು ಕೇಳಲೂ ಆಗದು. ಆದರೆ ಹನ್ನೆರಡು, ಹದಿಮೂರರ ಹುಡುಗನನ್ನೂ ನಾವು ಅಕೀಕಾದ ಕೂಸಿನಂತೆಯೇ ನೋಡುತ್ತೇವಲ್ಲ!

ಬಾನು ಮುಷ್ತಾಕರ 'ಕೆಂಪು ಲುಂಗಿ' ಕಥೆ ಇಲ್ಲಿ ನೆನಪಾಗುತ್ತದೆ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಸಂಕಲನದಲ್ಲಿ ಅದೂ ಇದೆ. ಬೇಸಿಗೆ ರಜೆಯಲ್ಲಿ ಮಕ್ಕಳ ಗದ್ದಲ ತಾಳಲಾರದೆ ಮನೆಯ ಗಂಡುಹುಡುಗರಿಗೆಲ್ಲ ಖತ್ನಾ ಮಾಡಿಸಿಬಿಡುವ ನಿರ್ಧಾರ. ಬಡವರ ಮಕ್ಕಳಿಗೆ ಸಾಮೂಹಿಕವಾಗಿ ಕ್ಷೌರಿಕನ ಕತ್ತಿ, ಉಳ್ಳವರ ಮಗನಿಗೆ ಡಾಕ್ಟರು. ಆ ಕಥೆಯನ್ನು ವರ್ಗದ ಕಥೆಯಾಗಿ ಎಲ್ಲರೂ ಓದಿದ್ದೇವೆ, ಸರಿಯಾಗಿಯೇ ಓದಿದ್ದೇವೆ. ಹುಡುಗರ ಮೈ ಹಿರಿಯರ ಅನುಕೂಲದ ಪ್ರಕಾರ ನಡೆಯುವ ಕಥೆಯಾಗಿಯೂ ಓದಬಹುದು. ಹೆಣ್ಣಿನ ಮೈಮೇಲೆ ಸಮಾಜ ಹೂಡುವ ಯಜಮಾನಿಕೆಯ ಬಗ್ಗೆ ನಮ್ಮಲ್ಲಿ ಬಹಳ ಬರೆದಾಗಿದೆ, ಇನ್ನೂ ಬರೆಯಬೇಕು. ಗಂಡುಮಗು ಆ ಯಜಮಾನಿಕೆಯ ಹೊರಗಿದ್ದಾನೆ ಎಂದುಕೊಂಡದ್ದು ಮಾತ್ರ ಪೂರ್ತಿ ನಿಜವಲ್ಲ.

ಇನ್ನು ಈ ಪತ್ರಿಕೆಯ ಓದುಗರಿಗೆ ಇಷ್ಟವಾಗದ ಮಾತು. 2022ರ ಆರಂಭದಲ್ಲಿ ಉಡುಪಿಯ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತಾಗ ನಾವು ಯಾವ ಪದ ಬಳಸಿದೆವು? ಆಯ್ಕೆ. ಅವಳ ತಲೆ, ಅವಳ ವಸ್ತ್ರ, ಅವಳ ಆಯ್ಕೆ ಎಂದೆವು. ಮಾರ್ಚ್ 15ರಂದು ಹೈಕೋರ್ಟು ಹಿಜಾಬು ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು ಅರ್ಜಿಗಳನ್ನು ತಳ್ಳಿಹಾಕಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಧರ್ಮಶಾಸ್ತ್ರದ ಚರ್ಚೆಗೆ ಇಳಿಯಬೇಕಾದ ಅಗತ್ಯವೇ ಇಲ್ಲ, ಇದು ಕೊನೆಗೂ ಆಯ್ಕೆಯ ಪ್ರಶ್ನೆ ಎಂಬ ನಿಲುವು ತಳೆದರು. ನಮ್ಮ ಸಭೆಗಳಲ್ಲಿ ಆ ತೀರ್ಪಿಗೆ ಎಷ್ಟು ಚಪ್ಪಾಳೆ ಬಿತ್ತು! ಅದೇ ನಾವು ಮನೆಗೆ ಬಂದು ಮಗನ ಕಿವಿ ಹಿಡಿದು ಕಟಿಂಗ್ ಶಾಪಿಗೆ ಎಳೆದುಕೊಂಡು ಹೋಗುತ್ತೇವೆ.

ಅದು ದೀನಿನ ಮಾತು, ಇದು ಫ್ಯಾಷನ್ನು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತೀರಾ ಎಂದು ಕೇಳುವವರಿದ್ದಾರೆ. ನಂಬಿಕೆಗೂ ಷೋಕಿಗೂ ತೂಕ ಬೇರೆ ಎಂದು ನಾನೂ ಒಪ್ಪುತ್ತೇನೆ. ಆದರೆ ಧರ್ಮ ಹೇಳಿದ್ದಕ್ಕೆ ಮಾತ್ರ ಬೆಲೆ ಎಂದುಕೊಂಡರೆ ಧರ್ಮ ಏನು ಹೇಳಿದೆ ಎಂದು ತೀರ್ಮಾನಿಸುವವನ ಕೈಗೆ ಎಲ್ಲವೂ ಹೋಗುತ್ತದೆ. ಆ ಹುಡುಗಿಯರ ವಿಷಯದಲ್ಲಿ ಹೈಕೋರ್ಟಿನಲ್ಲಿ ಆದದ್ದು ಅದೇ ತಾನೆ? ಅತ್ಯಗತ್ಯ ಹೌದೋ ಅಲ್ಲವೋ ಎಂಬ ಪರೀಕ್ಷೆಯಲ್ಲಿ ಅವರು ಫೇಲಾದರು. ಆಯ್ಕೆ ಎಂಬ ಪದವನ್ನು ನಮ್ಮ ಕಡೆಯವರಿಗೆ, ಅದರಲ್ಲೂ ನಮಗೆ ಒಪ್ಪಿಗೆಯಾದ ಆಯ್ಕೆಗೆ ಮಾತ್ರ ಬಳಸುತ್ತ ಹೋದರೆ ಎದುರಿನವರು ಅದನ್ನು ನಂಬುವುದಿಲ್ಲ. ನಮ್ಮ ಮನೆಯ ಹುಡುಗಿಯೂ ನಂಬುವುದಿಲ್ಲ, ಏಕೆಂದರೆ ಅಣ್ಣನ ತಲೆಗೆ ಏನಾಯಿತೆಂದು ಅವಳು ನೋಡಿರುತ್ತಾಳೆ.

ಬೇರೆ ದೇಶಗಳಲ್ಲೂ ಈ ತೊಡಕು ಇದ್ದದ್ದೇ. 1983ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್, ಕೂದಲು ಕತ್ತರಿಸಿ ಪಗಡಿ ತೆಗೆಯದೆ ಸೇರಿಸಿಕೊಳ್ಳುವುದಿಲ್ಲ ಎಂದಿದ್ದ ಬರ್ಮಿಂಗ್‌ಹ್ಯಾಮಿನ ಒಂದು ಶಾಲೆಯ ವಿರುದ್ಧ ಸಿಖ್ ಹುಡುಗನ ಪರ ತೀರ್ಪು ಕೊಟ್ಟಿತು. ಸಿಖ್ಖರು ಒಂದು ಜನಾಂಗೀಯ ಸಮುದಾಯ ಎಂಬುದು ಆಧಾರ. 2011ರಲ್ಲಿ ಲಂಡನ್ನಿನ ಶಾಲೆಯೊಂದು ತಲೆಗೆ ಅಂಟಿದಂತೆ ಸಾಲುಸಾಲಾಗಿ ಹೆಣೆದ ಜಡೆಯ ಹುಡುಗನನ್ನು ಹೊರಗಿಟ್ಟಾಗ ಅಲ್ಲಿನ ಹೈಕೋರ್ಟು ಅದನ್ನು ಪರೋಕ್ಷ ಜನಾಂಗೀಯ ತಾರತಮ್ಯ ಎಂದಿತು. ಅಮೆರಿಕದ ಟೆಕ್ಸಾಸಿನಲ್ಲಿ ಕರಿಯರ ಕೇಶಶೈಲಿಯನ್ನು ರಕ್ಷಿಸುವ ಕಾನೂನು 2023ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಆದರೂ ಒಬ್ಬ ವಿದ್ಯಾರ್ಥಿಯನ್ನು ತಿಂಗಳುಗಟ್ಟಲೆ ತರಗತಿಯಿಂದ ಹೊರಗಿಟ್ಟರು. ಕಾನೂನು ಜಡೆಯ ಬಗೆಯನ್ನು ರಕ್ಷಿಸುತ್ತದೆ, ಉದ್ದವನ್ನಲ್ಲ ಎಂದು ಶಾಲೆ ವಾದಿಸಿತು. 2024ರ ಫೆಬ್ರವರಿಯಲ್ಲಿ ನ್ಯಾಯಾಧೀಶರೂ ಹಾಗೆಯೇ ಹೇಳಿದರು. ಆ ಶಾಲಾ ಆಡಳಿತದ ಹೆಸರು ಬಾರ್ಬರ್ಸ್ ಹಿಲ್, ಕ್ಷೌರಿಕರ ಗುಡ್ಡ! ಕಥೆಯಲ್ಲಿ ನಾನು ಇಂಥ ಹೆಸರಿಟ್ಟಿದ್ದರೆ ಸಂಪಾದಕರು ಹೊಡೆದುಹಾಕುತ್ತಿದ್ದರು.

ಇವೆಲ್ಲದರಲ್ಲಿ ಹುಡುಗ ಗೆಲ್ಲಬೇಕಾದರೆ ಹಿಂದೆ ಒಂದು ಧರ್ಮವೋ ಜನಾಂಗವೋ ನಿಲ್ಲಬೇಕು. ಹತ್ತಿರದ್ದೇ ಉದಾಹರಣೆ: ಕೇರಳದ ತಿರೂರಿನಲ್ಲಿ 2023ರಲ್ಲಿ ಐದು ವರ್ಷದ ಹುಡುಗನಿಗೆ ಉದ್ದ ಕೂದಲಿನ ಕಾರಣಕ್ಕೆ ಶಾಲೆ ಪ್ರವೇಶ ಕೊಡಲಿಲ್ಲ. ಕ್ಯಾನ್ಸರ್ ರೋಗಿಗಳಿಗೆ ದಾನ ಮಾಡಲು ಬೆಳೆಸಿದ್ದು ಎಂದು ಮನೆಯವರು ಹೇಳಿದಾಗ ಜನ ಮರುಗಿದರು. ದಾನಕ್ಕಲ್ಲ, ಸುಮ್ಮನೆ ಇಷ್ಟವೆಂದು ಬೆಳೆಸಿದ್ದರೆ? ಅದೇ ವರ್ಷ ಕಾಸರಗೋಡು ಜಿಲ್ಲೆಯಲ್ಲಿ ಐದನೆಯ ತರಗತಿಯ ದಲಿತ ಹುಡುಗನ ಕೂದಲನ್ನು ಮುಖ್ಯೋಪಾಧ್ಯಾಯಿನಿ ಎಲ್ಲರೆದುರು ಕತ್ತರಿಸಿದ್ದಾರೆಂದು ಪೊಲೀಸ್ ಕೇಸಾಯಿತು. ಯಾರ ಕೂದಲಿಗೆ ಕತ್ತರಿ ಅಷ್ಟು ಸಲೀಸಾಗಿ ಹೋಗುತ್ತದೆ ಎಂಬುದನ್ನೂ ಗಮನಿಸಬೇಕು.

ಸುಮ್ಮನೆ ಇಷ್ಟ ಎಂಬುದನ್ನು ಕಾನೂನಿನ ತನಕ ಒಯ್ದವರು ಥಾಯ್ಲೆಂಡಿನ ಮಕ್ಕಳು. ಅಲ್ಲಿ ಎಪ್ಪತ್ತರ ದಶಕದ ನಿಯಮ ಹುಡುಗರ ಕೂದಲನ್ನು ಸೈನಿಕರಂತೆ ಸಣ್ಣಗೆ ಕತ್ತರಿಸಿಟ್ಟಿತ್ತು. 2020ರಲ್ಲಿ ಮಂತ್ರಾಲಯ ಸಡಿಲಿಸಿತು, ಶಾಲೆಗಳು ಹಳೆಯ ಚಾಳಿ ಬಿಡಲಿಲ್ಲ, ವಿದ್ಯಾರ್ಥಿಗಳು ಬೀದಿಗೆ ಬಂದರು. 2025ರ ಮಾರ್ಚಿನಲ್ಲಿ ಅಲ್ಲಿನ ಸರ್ವೋಚ್ಚ ಆಡಳಿತ ನ್ಯಾಯಾಲಯ 1975ರ ನಿಯಮವನ್ನೇ ರದ್ದು ಮಾಡಿತು. ನಮ್ಮಲ್ಲಿ ಅಂಥ ದೊಡ್ಡ ತೀರ್ಪಿನ ಅಗತ್ಯವೂ ಇಲ್ಲ. ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಅದರ ವಯಸ್ಸಿಗೆ ತಕ್ಕಂತೆ ಅದರ ಅಭಿಪ್ರಾಯ ಕೇಳಬೇಕೆನ್ನುವ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿದೆ. ಮಾನಸಿಕ ಕಿರುಕುಳವನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ನಿಷೇಧಿಸಿದೆ. ಹೇನಾದರೆ ಕತ್ತರಿಸಿ, ಕಣ್ಣಿಗೆ ಬಿದ್ದರೆ ಕಟ್ಟಿಕೊಳ್ಳಲು ಹೇಳಿ, ವರ್ಕ್‌ಶಾಪಿನ ಯಂತ್ರದ ಮುಂದೆ ಟೊಪ್ಪಿಗೆ ಹಾಕಿಸಿ. ಕಾರಣ ಹೇಳಿ ಮಾಡಿದರೆ ಹುಡುಗರು ಕೇಳುತ್ತಾರೆ. ಓದು ಹಾಳಾಗುತ್ತದೆ ಎಂಬುದು ಕಾರಣವಲ್ಲ, ಬರೀ ಬೆದರಿಕೆ.

ಕಟಿಂಗ್ ಶಾಪಿನಲ್ಲಿ ಚಿಕ್ಕ ಹುಡುಗರು ಬಂದರೆ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡಲಾಗಿ ಒಂದು ಹಲಗೆ ಇಟ್ಟು ಅದರ ಮೇಲೆ ಕೂರಿಸುತ್ತಾರೆ. ಹಲಗೆಯ ಮೇಲಿರುವ ತನಕ ಹೇಗೆ ಮಾಡಲಿ ಎಂದು ಕ್ಷೌರಿಕ ಕೇಳುವುದು ಹಿಂದೆ ಬೆಂಚಿನಲ್ಲಿ ಪೇಪರು ಓದುತ್ತಿರುವ ಅಪ್ಪನನ್ನು. ಅಬ್ಬಾಜಾನ್ ತಲೆಯೆತ್ತದೆ ಸಣ್ಣಗೆ ಹೊಡೀರಿ ಎನ್ನುತ್ತಾರೆ. ಹಲಗೆ ಬೇಡದಷ್ಟು ಎತ್ತರವಾದ ಮೇಲೂ ಶಾಲೆಗೆ ಹೋಗುವ ಹುಡುಗನ ವಿಷಯದಲ್ಲಿ ಅಪ್ಪನ ಜಾಗಕ್ಕೆ ಮೇಷ್ಟ್ರು ಬರುತ್ತಾರೆ, ಉಸ್ತಾದರು ಬರುತ್ತಾರೆ. ಅದೇ ಅಂಗಡಿಗೆ ಸಂಜೆ ಗ್ಯಾರೇಜಿನಿಂದ, ವೆಲ್ಡಿಂಗ್ ಶಾಪಿನಿಂದ ಅದೇ ವಯಸ್ಸಿನ ಹುಡುಗರು ಗ್ರೀಸಿನ ಕೈಯಲ್ಲಿ ಬರುತ್ತಾರೆ. ಅವರಲ್ಲಿ ನಮ್ಮ ಹುಡುಗರೇ ಹೆಚ್ಚು. ಅವರನ್ನು ಕ್ಷೌರಿಕ ನೇರವಾಗಿ ಕೇಳುತ್ತಾನೆ, ಏನ್ ತಮ್ಮಾ, ಹೆಬ್ಬುಲಿನಾ? ಅವರು ಹೂಂ ಎನ್ನುತ್ತಾರೆ, ಜೇಬಿನಿಂದ ಸ್ವಂತ ದುಡ್ಡು ತೆಗೆದು ಕೊಡುತ್ತಾರೆ. ಅವರ ಕೂದಲಿನ ಬಗ್ಗೆ ಇದುವರೆಗೆ ಯಾವ ಮುಖ್ಯೋಪಾಧ್ಯಾಯರೂ ಕಟಿಂಗ್ ಶಾಪಿಗೆ ಪತ್ರ ಬರೆದಿಲ್ಲ.